ಗಿರಿಸಸ್ಯಗಳ ತೋಟವೂ ನಮ್ಮ ಸೊರಬದ ಕಾನುಗಳೂ

ಸಸ್ಯೋದ್ಯಾನವೆಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣೆದುರಿಗೆ ಬಂದು ನಿಲ್ಲುವುದು ಬೆಂಗಳೂರಿನ ಲಾಲ್‌ಬಾಗ್. ಹೈದರಾಲಿಯ ಕಾಲದಲ್ಲಿ ಆರಂಭವಾದ ಆ ತೋಟದಲ್ಲಿ ದೇಶವಿದೇಶಗಳಿಂದ ತಂದು ನೆಟ್ಟ ಮರಗಳಿವೆ, ಗಾಜಿನ ಮನೆಯಿದೆ, ಮರಗಳಿಗೆ ಹೆಸರಿನ ಫಲಕಗಳಿವೆ. ಬಯಲು ನೆಲದಲ್ಲಿ ನೀರು ಗೊಬ್ಬರ ಕೊಟ್ಟು ಅಪರೂಪದ ಗಿಡಗಳನ್ನು ಸಾಕುವುದೇ ಸಸ್ಯೋದ್ಯಾನದ ಕೆಲಸವೆಂದು ನಾನೂ ಬಹುಕಾಲ ತಿಳಿದಿದ್ದೆ. ಆದರೆ ಮರಗಳೂ ಬೆಳೆಯಲಾರದಷ್ಟು ಎತ್ತರದ ಪರ್ವತಗಳ ಮೇಲೆ, ವರ್ಷದ ಬಹುಭಾಗ ಹಿಮ ಮುಚ್ಚಿರುವ ಎಡೆಯಲ್ಲಿ ಮಾಡಿದ ಸಸ್ಯೋದ್ಯಾನಗಳೂ ಲೋಕದಲ್ಲಿ ಉಂಟೆಂಬುದು ಈ ವರ್ಷ ಕಾಲೇಜಿನ ಗ್ರಂಥಾಲಯದಲ್ಲಿ ಓದುವಾಗ ನನಗೆ ತಿಳಿಯಿತು. ಆ ತೋಟಗಳ ವಿಷಯವನ್ನು ಓದುತ್ತ ಹೋದಂತೆ ನನ್ನ ಮನಸ್ಸು ಮತ್ತೆ ಮತ್ತೆ ನಮ್ಮ ಸೊರಬದ ಕಾನುಗಳ ಕಡೆಗೇ ತಿರುಗಿತು. ಹಿಮದ ಬೆಟ್ಟಕ್ಕೂ ನಮ್ಮೂರ ಕಾನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಅದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಎತ್ತರದ ಗಿಡಗಳ ಬಾಳು

ಪರ್ವತವನ್ನು ಏರುತ್ತ ಹೋದಂತೆ, ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ಹವೆಯ ಉಷ್ಣತೆ ಇಳಿಯುತ್ತದೆ. ಹವೆ ಬದಲಾದಂತೆ ಗಿಡಮರಗಳೂ ಬದಲಾಗುತ್ತವೆ. ಜರ್ಮನಿಯ ವಿದ್ವಾಂಸ ಹಂಬೋಲ್ಟ್ 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಸೊ ಪರ್ವತವನ್ನು ಏರಿ, ಯಾವ ಎತ್ತರದಲ್ಲಿ ಯಾವ ಸಸ್ಯ ಬೆಳೆಯುತ್ತದೆ ಎಂಬುದನ್ನು ಒಂದೇ ಚಿತ್ರದಲ್ಲಿ ತೋರಿಸಿಕೊಟ್ಟನು. ಒಂದು ಎತ್ತರವನ್ನು ದಾಟಿದ ಮೇಲೆ ಮರವೆಂಬುದೇ ಇರುವುದಿಲ್ಲ. ಅಲ್ಲಿಂದ ಮೇಲೆ, ಶಾಶ್ವತ ಹಿಮದಿಂದ ಕೆಳಗೆ ಇರುವ ಪಟ್ಟಿಯಲ್ಲಿ ಬಾಳುವ ಗಿಡಗಳನ್ನೇ ಗಿರಿಸಸ್ಯಗಳೆಂದು ಕರೆಯಬಹುದು. ಯೂರೋಪಿನ ಆಲ್ಪ್ಸ್ ಪರ್ವತದ ಹೆಸರಿನಿಂದ ಇವಕ್ಕೆ ಆಲ್ಪೈನ್ ಸಸ್ಯಗಳೆಂಬ ಹೆಸರು ಬಂದಿದೆ.

ಈ ಗಿಡಗಳಿಗೆ ಬೆಳೆಯಲು ಸಿಗುವುದು ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ. ಅಷ್ಟರಲ್ಲಿಯೇ ಚಿಗುರಿ, ಹೂಬಿಟ್ಟು, ಬೀಜ ಕಟ್ಟಬೇಕು. ಬಿರುಗಾಳಿಗೆ ತಲೆಯೆತ್ತಿ ನಿಲ್ಲುವಂತಿಲ್ಲ. ಆದುದರಿಂದ ಎಷ್ಟೋ ಗಿಡಗಳು ನೆಲಕ್ಕೆ ಒತ್ತಿಕೊಂಡು ದಿಂಬಿನ ಆಕಾರದಲ್ಲಿ ಬೆಳೆಯುತ್ತವೆ. ಹಗಲಿನ ಕಾವು ಆ ದಿಂಬಿನೊಳಗೆ ಸಿಕ್ಕಿಕೊಂಡು ಹೊರಗಿನ ಗಾಳಿಗಿಂತ ಒಳಗೆ ಬೆಚ್ಚಗಿರುತ್ತದೆ. ಕೆಲವು ಗಿಡಗಳ ಎಲೆಗಳ ಮೇಲೆ ಕಂಬಳಿಯಂತೆ ದಟ್ಟವಾದ ರೋಮವಿರುತ್ತದೆ. ಬೇರುಗಳು ಗಿಡಕ್ಕಿಂತ ಎಷ್ಟೋ ಉದ್ದವಾಗಿ ಕಲ್ಲಿನ ಸಂದುಗಳಲ್ಲಿ ಇಳಿದಿರುತ್ತವೆ. ಹಿಮಾಲಯದ ಬ್ರಹ್ಮಕಮಲ ಇಂತಹ ಗಿರಿಸಸ್ಯಗಳಲ್ಲೊಂದು. ನಮ್ಮ ಮನೆಗಳ ಮುಂದೆ ಕುಂಡದಲ್ಲಿ ಬೆಳೆದು ರಾತ್ರಿಯಲ್ಲಿ ಅರಳುವ ಬ್ರಹ್ಮಕಮಲವಾದರೋ ಅಮೆರಿಕ ಖಂಡದಿಂದ ಬಂದ ಕಳ್ಳಿಯ ಜಾತಿಯ ಗಿಡ. ಹೆಸರೊಂದೇ, ಗಿಡಗಳು ಬೇರೆ.

ಇಂತಹ ಗಿಡವನ್ನು ಕೆಳಗಿನ ಬೆಚ್ಚನೆಯ ಊರಿಗೆ ತಂದು ನೆಟ್ಟರೆ ಅದಕ್ಕೆ ಸುಖವಾಗುವುದಿಲ್ಲ. ಕೊಳೆತು ಹೋಗುತ್ತದೆ, ಇಲ್ಲವೆ ಸುತ್ತಲಿನ ಬಲವಾದ ಗಿಡಗಳು ಅದನ್ನು ಮುಚ್ಚಿಬಿಡುತ್ತವೆ. ಆದ್ದರಿಂದಲೇ ಗಿಡವನ್ನು ತೋಟದ ಕಡೆಗೆ ತರುವ ಬದಲು ತೋಟವನ್ನೇ ಗಿಡವಿರುವಲ್ಲಿಗೆ ಒಯ್ದರು. ಫ್ರಾನ್ಸಿನ ಲೋತಾರೆ ಕಣಿವೆಯ ಮೇಲೆ, 2,100 ಮೀಟರ್ ಎತ್ತರದಲ್ಲಿ, 1899ರಲ್ಲಿ ಇಂತಹ ಒಂದು ತೋಟ ಪ್ರಾರಂಭವಾಯಿತು. ಲೋಕದ ನಾನಾ ಪರ್ವತಗಳ ಸುಮಾರು 2,000 ಜಾತಿಯ ಸಸ್ಯಗಳು ಅಲ್ಲಿವೆ. ಸ್ವಿಟ್ಜರ್ಲೆಂಡಿನ ಶಿನಿಗೆ ಪ್ಲಾಟೆ ಎಂಬಲ್ಲಿ 1929ರಲ್ಲಿ ತೆರೆದ ತೋಟದಲ್ಲಿ ಆ ದೇಶದ ಪರ್ವತಸಸ್ಯಗಳನ್ನು ಅವುಗಳ ಸಹಜವಾದ ನೆರೆಹೊರೆಯಲ್ಲಿಯೇ ಕಾಣಬಹುದು. ಅಮೆರಿಕದ ಕೊಲರಾಡೊ ಪ್ರಾಂತದ ವೇಲ್ ಎಂಬಲ್ಲಿ, ಸುಮಾರು 2,500 ಮೀಟರ್ ಎತ್ತರದಲ್ಲಿ, 1980ರ ದಶಕದಲ್ಲಿ ಹುಟ್ಟಿದ ಗಿರಿಸಸ್ಯಗಳ ತೋಟಕ್ಕೆ ಅಧ್ಯಕ್ಷ ಫೋರ್ಡ್ ಅವರ ಪತ್ನಿಯ ಹೆಸರನ್ನಿಟ್ಟಿದ್ದಾರೆ.

ಇವುಗಳ ಕೆಲಸ ಈಗ ಕೇವಲ ಹೂ ತೋರಿಸುವುದಾಗಿ ಉಳಿದಿಲ್ಲ. ಭೂಮಿ ಬಿಸಿಯಾಗುತ್ತಿರುವುದರಿಂದ ಕೆಳಗಿನ ಸಸ್ಯಗಳು ಮೆಲ್ಲಮೆಲ್ಲನೆ ಮೇಲಕ್ಕೆ ಏರುತ್ತಿವೆ. ಯೂರೋಪಿನ 302 ಪರ್ವತಶಿಖರಗಳ ಹಳೆಯ ಮತ್ತು ಹೊಸ ದಾಖಲೆಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಶಿಖರಗಳನ್ನು ಏರಿ ಸೇರುವ ಸಸ್ಯಜಾತಿಗಳ ಸಂಖ್ಯೆ ಇತ್ತೀಚೆಗೆ ಹಿಂದೆಂದಿಗಿಂತಲೂ ವೇಗವಾಗಿ ಹೆಚ್ಚುತ್ತಿದೆಯೆಂದು ತೋರಿಸಿದೆ. ಜಾತಿಗಳು ಹೆಚ್ಚಾದರೆ ಒಳ್ಳೆಯದಲ್ಲವೆ ಎಂದು ಮೊದಲು ತೋರುವುದು ಸಹಜ. ಆದರೆ ಕೆಳಗಿನವರು ಮೇಲೆ ಬಂದರೆ ಮೊದಲೇ ತುದಿಯಲ್ಲಿದ್ದವರು ಎಲ್ಲಿಗೆ ಹೋಗಬೇಕು? ಶಿಖರದ ಮೇಲೆ ಇನ್ನೊಂದು ಶಿಖರವಿಲ್ಲ. ಗಿರಿಸಸ್ಯವು ಸಮುದ್ರದ ನಡುವಿನ ದ್ವೀಪದಲ್ಲಿ ಸಿಕ್ಕಿಕೊಂಡವನಂತೆ. ಅದರ ಸುತ್ತಲೂ ನೀರಿಗೆ ಬದಲಾಗಿ ಬೆಚ್ಚನೆಯ ಹವೆ ಇದೆ, ಅಷ್ಟೆ.

ಕರ್ನಾಟಕದಲ್ಲಿ

ನಮ್ಮ ರಾಜ್ಯದಲ್ಲಿ ನಿಜವಾದ ಗಿರಿಸಸ್ಯಗಳ ಪಟ್ಟಿ ಇಲ್ಲ. ಎಲ್ಲಕ್ಕಿಂತ ಎತ್ತರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ನಮ್ಮ ಬಿಸಿಲಿನ ನಾಡಿನಲ್ಲಿ ಅಷ್ಟು ಎತ್ತರದಲ್ಲಿಯೂ ಮರ ಬೆಳೆಯಬಲ್ಲುದು. ಆದರೂ ಬಾಬಾಬುಡನ್‌ಗಿರಿ, ಕುದುರೆಮುಖಗಳ ನೆತ್ತಿಯ ಮೇಲೆ ಒಂದು ವಿಶೇಷ ಸಸ್ಯಲೋಕವಿದೆ. ಗಾಳಿ ಬಡಿಯುವ ಇಳಿಜಾರುಗಳಲ್ಲಿ ಹುಲ್ಲು, ನೀರು ಇಳಿಯುವ ಮಡಿಕೆಗಳಲ್ಲಿ ಕುಳ್ಳ ಮರಗಳ ಶೋಲೆ ಕಾಡು. ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ನೀಲಿ ಕುರಿಂಜಿಯು 2006ರಲ್ಲಿಯೂ 2018ರಲ್ಲಿಯೂ ಬಾಬಾಬುಡನ್‌ಗಿರಿ ಸಾಲಿನಲ್ಲಿ ಹೂಬಿಟ್ಟಿತು.

ಗಿಡಗಳನ್ನು ಇದ್ದಲ್ಲಿಯೇ ಉಳಿಸಿಕೊಳ್ಳುವ ಒಂದು ಹೊಸ ಮಾರ್ಗವನ್ನು 2002ರ ಜೀವವೈವಿಧ್ಯ ಕಾಯಿದೆ ನಮ್ಮ ದೇಶದಲ್ಲಿ ತೆರೆಯಿತು. ಅದರ ಮೇರೆಗೆ 2007ರಲ್ಲಿ ದೇವನಹಳ್ಳಿಯ ಹತ್ತಿರದ ನಲ್ಲೂರಿನ ಹುಣಿಸೆ ತೋಪು ದೇಶದಲ್ಲಿಯೇ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ಆಮೇಲೆ ಚಿಕ್ಕಮಗಳೂರು ಜಿಲ್ಲೆಯ ಹೊಗ್ರೇಕಾನು, ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಅಂಬಾರಗುಡ್ಡ ಇವೂ ಆ ಪಟ್ಟಿಗೆ ಸೇರಿದವು. ಇವು ಯಾರೋ ನೆಟ್ಟು ಬೆಳೆಸಿದ ಉದ್ಯಾನಗಳಲ್ಲ. ಇದ್ದುದನ್ನು ಇದ್ದಂತೆಯೇ ಉಳಿಸಿಕೊಳ್ಳುವ ಪ್ರಯತ್ನಗಳು. ಹೊಗ್ರೇಕಾನು ಎಂಬ ಹೆಸರಿನಲ್ಲಿಯೇ ಇರುವ ‘ಕಾನು’ ನಮ್ಮನ್ನು ನೇರವಾಗಿ ಸೊರಬಕ್ಕೆ ಕರೆತರುತ್ತದೆ.

ಒಣ ನೆಲದ ನಡುವಿನ ದ್ವೀಪಗಳು

ನಮ್ಮ ಜಿಲ್ಲೆಯ ಮಳೆ ವಿಚಿತ್ರವಾದುದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆ, ಘಟ್ಟದಿಂದ ಪೂರ್ವಕ್ಕೆ ಸರಿದಂತೆ ಬೇಗಬೇಗನೆ ಇಳಿದುಹೋಗುತ್ತದೆ. ಸೊರಬದ ಕಡೆಯಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಬರುವ ನಮ್ಮಂಥ ವಿದ್ಯಾರ್ಥಿಗಳಿಗೆ ಇದನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ. ಅಡಿಕೆ ತೋಟಗಳು ಹಿಂದೆ ಸರಿಯುತ್ತವೆ, ಜೋಳದ ಹೊಲಗಳು ಎದುರಾಗುತ್ತವೆ. ಮಲೆನಾಡು ಬಯಲುಸೀಮೆಗೆ ಕೈಕೊಡುವ ಈ ಅಂಚಿನಲ್ಲಿ, ಎಲೆ ಉದುರಿಸುವ ಕಾಡು ಮತ್ತು ಗದ್ದೆ ಹೊಲಗಳ ನಡುವೆ ಅಲ್ಲಲ್ಲಿ ಕಡುಹಸಿರಿನ ತುಂಡುಗಳಿವೆ. ಅವೇ ಕಾನುಗಳು. ಮಾರ್ಚ್ ತಿಂಗಳಿನಲ್ಲಿ ಸುತ್ತಲಿನ ಕಾಡು ಬೋಳಾಗಿ ನಿಂತಾಗಲೂ ಕಾನಿನೊಳಗೆ ಕಾಲಿಟ್ಟರೆ ನೆರಳು, ತಂಪು, ಒದ್ದೆ ತರಗೆಲೆಯ ವಾಸನೆ. ರಾಮಪತ್ರೆ, ಹೆಬ್ಬಲಸು, ಉಪ್ಪಾಗೆ, ಸುರಗಿ, ದಾಲ್ಚಿನ್ನಿ, ಬಗನಿ ಮೊದಲಾದ ಮರಗಳು, ಅವುಗಳಿಗೆ ಹಬ್ಬಿದ ಕಾಡುಮೆಣಸಿನ ಬಳ್ಳಿ ಅಲ್ಲಿ ಸಿಗುತ್ತವೆ. ಇವು ಬಹುಮಟ್ಟಿಗೆ ಹೆಚ್ಚು ಮಳೆಯ ಘಟ್ಟದ ಕಾಡಿನ ಸಸ್ಯಗಳು. ಇಷ್ಟು ಪೂರ್ವಕ್ಕೆ ಇವು ಉಳಿದಿರುವುದು ಕಾನಿನೊಳಗಿನ ತೇವದಿಂದಾಗಿ.

ಇಲ್ಲಿಯೇ ನನಗೆ ಆಲ್ಪ್ಸ್ ಪರ್ವತದ ನೆನಪಾದುದು. ಅಲ್ಲಿ ಎತ್ತರವು ಗಿಡಗಳನ್ನು ದ್ವೀಪವಾಸಿಗಳನ್ನಾಗಿ ಮಾಡಿದೆ, ಇಲ್ಲಿ ತೇವವು ಮಾಡಿದೆ. ಪರ್ವತದ ತುದಿಯ ಗಿಡಕ್ಕೆ ಮೇಲಕ್ಕೆ ದಾರಿಯಿಲ್ಲ. ಕಾನಿನ ರಾಮಪತ್ರೆಗೆ ಪಕ್ಕಕ್ಕೆ ದಾರಿಯಿಲ್ಲ. ಒಂದು ಕಾನಿಗೂ ಇನ್ನೊಂದು ಕಾನಿಗೂ ನಡುವೆ ಅದು ಬದುಕಲಾರದ ಬಿಸಿಲು ನೆಲವಿದೆ. ಮಂಗಟ್ಟೆ ಹಕ್ಕಿಯಂಥ ದೊಡ್ಡ ಹಕ್ಕಿಯೊಂದು ಹಣ್ಣು ನುಂಗಿ ಹಾರಿಹೋಗಿ ಇನ್ನೊಂದು ಕಾನಿನಲ್ಲಿ ಬೀಜ ಉದುರಿಸಿದರೆ ಉಂಟು, ಇಲ್ಲವಾದರೆ ಇಲ್ಲ.

ಈ ದ್ವೀಪಗಳನ್ನು ಪ್ರಕೃತಿಯೊಂದೇ ಕಾಪಾಡಿಕೊಂಡು ಬಂದಿಲ್ಲ. ನಮ್ಮ ಹಿರಿಯರು ಕಾನಿನಿಂದ ಮೆಣಸು ತರುತ್ತಿದ್ದರು, ಬಗನಿಯ ಕಳ್ಳು ಇಳಿಸುತ್ತಿದ್ದರು, ಹುಳಿಗೆ ಉಪ್ಪಾಗೆ ಆರಿಸುತ್ತಿದ್ದರು. ಆದುದರಿಂದ ಬೆಂಕಿ ಒಳಗೆ ನುಗ್ಗದಂತೆ, ಕೊಡಲಿ ಹೆಚ್ಚು ಆಡದಂತೆ ನೋಡಿಕೊಂಡರು. ಎಷ್ಟೋ ಕಾನುಗಳಲ್ಲಿ ಚೌಡಮ್ಮನದೋ ಭೂತಪ್ಪನದೋ ಕಲ್ಲು ಇರುತ್ತದೆ. ಅಲ್ಲಿ ಒಂದು ಕಡ್ಡಿ ಮುರಿಯಲೂ ಜನ ಹೆದರುತ್ತಿದ್ದರು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕರಾವಳಿಯ ಕಡೆಯ ಹಳ್ಳಿಗಳಲ್ಲಿ ಕಾಡನ್ನು ಊರದೇವರ ಸ್ವತ್ತೆಂದು ಭಾವಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗೆಗೇ ಒಂದು ವರದಿಯನ್ನು ಸಿದ್ಧಪಡಿಸಿದರು. ಈ ಬ್ರಾಂಡಿಸ್ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಾಧಿಕಾರಿ. ಆ ವರದಿಯಲ್ಲಿ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳ ಲೆಕ್ಕವಿದೆ. ವಿಸ್ತಾರ ಸುಮಾರು 32,000 ಎಕರೆ. ತಾಳಗುಂದದ ಶಾಸನವನ್ನೂ ಬಳ್ಳಿಗಾವಿಯ ದೇಗುಲವನ್ನೂ ನೋಡಲು ಪ್ರವಾಸ ಹೋಗುವ ನಾವು, ಅವುಗಳ ಪಕ್ಕದಲ್ಲಿಯೇ ಇರುವ ಈ ಇನ್ನೊಂದು ಪರಂಪರೆಯನ್ನು ನೋಡಿಯೂ ನೋಡದವರಂತೆ ಇದ್ದೇವೆ.

ಒಣಗಿಸಲಾಗದ ಬೀಜ

ಕಾನು ಹೋದರೆ ಹೋಗಲಿ, ಅದರ ಬೀಜಗಳನ್ನು ಎಲ್ಲಾದರೂ ಭದ್ರವಾಗಿ ಇಟ್ಟುಕೊಂಡರಾಯಿತು, ಮುಂದೆ ಬೇಕಾದಾಗ ಬೆಳೆಸಬಹುದು ಎಂದು ಕೆಲವರು ಹೇಳಬಹುದು. ಗಿರಿಸಸ್ಯಗಳ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಇಂಗ್ಲೆಂಡಿನ ವೇಕ್‌ಹರ್ಸ್ಟ್ ಎಂಬಲ್ಲಿ 2000ದಲ್ಲಿ ತೆರೆದ ಸಹಸ್ರಮಾನದ ಬೀಜಭಂಡಾರದಲ್ಲಿ ಬೀಜಗಳನ್ನು ಚೆನ್ನಾಗಿ ಒಣಗಿಸಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಹಿಮದ ಕೆಳಗೆ ತಿಂಗಳುಗಟ್ಟಲೆ ಕಾಯುವ ಅಭ್ಯಾಸವಿರುವ ಗಿರಿಸಸ್ಯದ ಬೀಜಗಳಲ್ಲಿ ಹೆಚ್ಚಿನವು ಇದನ್ನು ಸಹಿಸಿಕೊಳ್ಳುತ್ತವೆ.

ಆದರೆ ಎಲ್ಲ ಬೀಜಗಳೂ ಹಾಗಲ್ಲ. ಈ ಭೇದವನ್ನು ನನಗೆ ಮೊದಲು ತೋರಿಸಿಕೊಟ್ಟವಳು ನನ್ನ ಅಜ್ಜಿ. ಅವಳಿಗೆ ಓದು ಬರುವುದಿಲ್ಲ. ಭತ್ತದ ಬೀಜವನ್ನು ಅವಳು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಕಣಜದಲ್ಲಿ ಇಡುತ್ತಾಳೆ. ಹಲಸಿನ ಬೀಜವನ್ನಾದರೋ ಕೆಮ್ಮಣ್ಣಿನ ರಾಡಿಯಲ್ಲಿ ಹೊರಳಿಸಿ, ಅಡಿಗೆಮನೆಯ ಮೂಲೆಯ ತಂಪಿನಲ್ಲಿ ಮಣ್ಣಿನೊಳಗೆ ಹುಗಿದಿಟ್ಟು ಮಳೆಗಾಲದ ಸಾರಿಗೆ ಒಂದೊಂದಾಗಿ ತೆಗೆಯುತ್ತಾಳೆ. ಚಿಕ್ಕಂದಿನಲ್ಲಿ ನಾನು, “ಇದನ್ನೂ ಒಣಗಿಸಿಟ್ಟರೆ ಆಗೋದಿಲ್ಲವೇನಜ್ಜಿ?” ಎಂದು ಕೇಳಿದ್ದೆ. “ಒಣಗಿದರೆ ಅದು ಸತ್ತು ಹೋಗ್ತದೆ ಮಗಾ, ಅದರ ಜೀವ ಇರೋದೇ ಪಸೆಯಲ್ಲಿ” ಎಂದಿದ್ದಳು.

ಅಜ್ಜಿಯ ಮಾತನ್ನು ವಿಜ್ಞಾನವೂ ಒಪ್ಪುತ್ತದೆ. ಸದಾ ತೇವವಿರುವ ಕಾಡಿನ ಮರಗಳಿಗೆ ಬೀಜವನ್ನು ವರ್ಷಗಟ್ಟಲೆ ಕಾಯಿಸುವ ಅಗತ್ಯ ಬಿದ್ದಿಲ್ಲ. ಹಣ್ಣು ಮಾಗಿ ಬೀಳುತ್ತದೆ, ನೆಲ ಒದ್ದೆಯಾಗಿರುತ್ತದೆ, ಬೀಜ ಹೆಚ್ಚು ಕಾಯದೆ ಮೊಳೆಯುತ್ತದೆ. ಅಂತಹ ಬೀಜದೊಳಗೆ ನೀರಿನ ಅಂಶ ಹೆಚ್ಚು. ಒಣಗಿಸಿದರೆ ಜೀವಕೋಶಗಳ ಪೊರೆ ಕೆಡುತ್ತದೆ. ಒಣಗಿಸದೆ ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಮಂಜುಗಡ್ಡೆಯ ಹರಳಾಗಿ ಕೋಶಗಳನ್ನು ಸೀಳುತ್ತದೆ. ಹಲಸು, ಮಾವು, ನೇರಳೆ, ರಾಮಪತ್ರೆ, ಸಾಲುಧೂಪ ಇವೆಲ್ಲ ಈ ಗುಂಪಿಗೆ ಸೇರಿದವು. ಅಂದರೆ ಕಾನಿನ ಎಷ್ಟೋ ಮರಗಳನ್ನು ಬೀಜದ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಲು ಸಾಧ್ಯವಿಲ್ಲ. ಅವುಗಳ ಭಂಡಾರವೆಂದರೆ ನಿಂತಿರುವ ಮರ, ಅದರ ಕೆಳಗಿನ ಒದ್ದೆ ನೆಲ, ಹಣ್ಣು ತಿನ್ನುವ ಹಕ್ಕಿ. ಇಷ್ಟೂ ಒಟ್ಟಿಗೆ ಇದ್ದರೆ ಮಾತ್ರ ಅದು ಭಂಡಾರ. ಹಿಮದ ಬೆಟ್ಟದ ಹೂವಿಗೆ ತೋಟ ಮಾಡಬಹುದು, ಪೆಟ್ಟಿಗೆಯನ್ನೂ ಮಾಡಬಹುದು. ಕಾನಿಗೆ ಕಾನೇ ತೋಟ, ಕಾನೇ ಪೆಟ್ಟಿಗೆ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದೊಂದನ್ನೇ.

ಆ ಭಂಡಾರದಲ್ಲಿ ಏನೇನಿದೆ ಎಂಬುದು ಇನ್ನೂ ಪೂರ್ತಿಯಾಗಿ ಎಣಿಕೆಗೆ ಸಿಕ್ಕಿಲ್ಲ. ಸೊರಬಕ್ಕೆ ನೆರೆಯಾದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ, ರಾಮಪತ್ರೆಯ ಬಂಧುಗಳಾದ ಮರಗಳು ನೀರಿನಲ್ಲಿ ಬೇರೂರಿ ನಿಂತ ಜೌಗು ನೆಲವಿದೆ. ಅಲ್ಲಿ ಗೇರಿನ ಕುಟುಂಬಕ್ಕೆ ಸೇರಿದ ಒಂದು ದೊಡ್ಡ ಮರವನ್ನು ವಿಜ್ಞಾನಿಗಳು ಗುರುತಿಸಿ, 2000ದಲ್ಲಿ ಹೊಸ ಜಾತಿಯೆಂದು ಲೋಕಕ್ಕೆ ತಿಳಿಸಿದರು. ಆ ಕಾನಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಹುಲ್ಲುಕಡ್ಡಿಯಲ್ಲ, ಮುಗಿಲಿಗೆ ತಲೆಯೆತ್ತಿದ ಮರ! ಅದಕ್ಕೆ ಮುಂಚೆಯೇ ಆ ಜೌಗನ್ನು ಬತ್ತಿಸಿ ತೋಟ ಮಾಡಿದ್ದರೆ ಅಂತಹುದೊಂದು ಮರ ಇತ್ತೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ಕಾನಿನ ಅಂಚಿನ ಒಂದೂವರೆ ಎಕರೆ

ಇಷ್ಟು ಬರೆದ ಮೇಲೆ ಕಾನನ್ನು ಕಡಿದವರನ್ನು ದೂರುವುದು ಸುಲಭ. ಆದರೆ ನಾನು ಹಾಗೆ ದೂರುವ ಸ್ಥಿತಿಯಲ್ಲಿಲ್ಲ. ನಮ್ಮೂರ ಕಾನಿನ ಅಂಚಿನಲ್ಲಿ ಒಂದೂವರೆ ಎಕರೆಯನ್ನು ನನ್ನ ಅಜ್ಜ ಸವರಿದರು. ಅವರಿಗೆ ಬೇರೆ ಭೂಮಿಯಿರಲಿಲ್ಲ. ಮೊದಲು ಅಲ್ಲಿ ಭತ್ತವಿತ್ತು. ಆಮೇಲೆ ಅಪ್ಪ ಶುಂಠಿ ಹಾಕಿದರು. ಬೆಲೆ ಸಿಕ್ಕ ಒಂದು ವರ್ಷ ಆ ಶುಂಠಿಯ ಹಣದಿಂದಲೇ ನನ್ನ ಕಾಲೇಜಿನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಆಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಾನಿನ ಮಹತ್ತ್ವವನ್ನು ಪುಸ್ತಕದಲ್ಲಿ ಓದಲು ನನಗೆ ಸಾಧ್ಯವಾದುದು ಕಾನು ಸವರಿದ ನೆಲದಿಂದ. ಇದನ್ನು ಮುಚ್ಚಿಟ್ಟು ಬರೆದರೆ ಬರೆದದ್ದೆಲ್ಲ ಸುಳ್ಳಾದೀತು.

ನಮ್ಮಂತೆಯೇ ಇನ್ನೂ ಹಲವರು ಅಂಚನ್ನು ಒಳಗೆ ಸರಿಸಿದರು. ಕೆಲವರಿಗೆ ಹೊಟ್ಟೆಯ ಪಾಡು, ಕೆಲವರಿಗೆ ಇದ್ದುದರ ಮೇಲೆ ಇನ್ನಷ್ಟು ಬೇಕೆಂಬ ಆಸೆ. ಇನ್ನೊಂದು ಕಡೆಯಲ್ಲಿ ಅಕೇಶಿಯಾದ ನೆಡುತೋಪು ಬಂದಿತು. ಕಾನಿನ ಎಲೆಗಳ ಚಾವಣಿ ಮಳೆಯ ಹೊಡೆತವನ್ನು ತಡೆಯುತ್ತದೆ. ಕೆಳಗಿನ ತರಗು ಮತ್ತು ಸಡಿಲವಾದ ಮಣ್ಣು ನೀರನ್ನು ಹೀರಿಕೊಂಡು ಮಳೆಗಾಲದ ನಂತರ ಮೆಲ್ಲಗೆ ಬಿಟ್ಟುಕೊಡುತ್ತವೆ. ನಮ್ಮ ಕಾನಿನಿಂದ ಇಳಿಯುವ ಹಳ್ಳದಲ್ಲಿ ಅಜ್ಜನ ಕಾಲದಲ್ಲಿ ಯುಗಾದಿಯವರೆಗೂ ನೀರಿತ್ತಂತೆ. ಈಗ ಶಿವರಾತ್ರಿಗೆ ಮೊದಲೇ ಕಲ್ಲು ಕಾಣುತ್ತದೆ. ಕೊಳವೆ ಬಾವಿಗಳು ಹೆಚ್ಚಿದುದೂ ಇದಕ್ಕೆ ಕಾರಣವಿರಬಹುದು. ಆದರೆ ಕೆಳಗಿನ ಅಡಿಕೆ ತೋಟದವರು ಬೇಸಗೆ ಬಂತೆಂದರೆ ಈಗ ಕಾನಿನ ಕಡೆಗೇ ನೋಡುತ್ತಾರೆ.

ಕಳೆದ ಬೇಸಗೆ ರಜೆಯಲ್ಲಿ ನಾನು ಅಜ್ಜನೊಡನೆ ಕಾನಿಗೆ ಹೋಗಿದ್ದೆ. ಒಂದು ಬರಹಪುಸ್ತಕ ಹಿಡಿದುಕೊಂಡು, ಅವರು ಹೇಳಿದ ಮರಗಳ ಹೆಸರನ್ನೆಲ್ಲ ಬರೆದುಕೊಂಡೆ. ಅರ್ಧ ದಿನದಲ್ಲಿ ಅರವತ್ತಮೂರು ಹೆಸರುಗಳಾದವು. ಅವುಗಳಲ್ಲಿ ನನಗೆ ಮೊದಲೇ ತಿಳಿದಿದ್ದವು ಹತ್ತೊಂಬತ್ತು ಮಾತ್ರ. ಹಿಂತಿರುಗುವಾಗ ನಮ್ಮ ಹೊಲದ ಬೇಲಿಯ ಹತ್ತಿರ ಅಜ್ಜ ನಿಂತು, “ಇಲ್ಲೊಂದು ದೊಡ್ಡ ರಾಮಪತ್ರೆ ಇತ್ತು ತಮ್ಮಾ, ನಾನೇ ಕಡಿಸಿದ್ದು” ಎಂದರು. ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾವು ಮಾಡಬಹುದಾದುದು

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅಪ್ಪಿಕೊ ಚಳವಳಿ ಹುಟ್ಟಿದ್ದು ನಮಗೆ ಇಷ್ಟು ಹತ್ತಿರದಲ್ಲಿ. ಅಂತಹ ದೊಡ್ಡ ಕೆಲಸ ಎಲ್ಲರಿಂದ ಆಗದೆ ಇರಬಹುದು. ವಿದ್ಯಾರ್ಥಿಗಳಾದ ನಮ್ಮ ಕೈಗೆ ನಿಲುಕುವ ಎರಡು ಸಣ್ಣ ಕೆಲಸಗಳನ್ನು ಮಾತ್ರ ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು, ಹೆಸರು ಬರೆದಿಡುವುದು. ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯತಿಯಲ್ಲಿ ಒಂದು ಸಮಿತಿಯಿದ್ದು, ಊರಿನ ಸಸ್ಯಪ್ರಾಣಿಗಳ ಬಗ್ಗೆ ಜನರಿಗೆ ತಿಳಿದುದನ್ನು ದಾಖಲೆ ಮಾಡಬೇಕು. ನಮ್ಮ ಕಾಲೇಜಿಗೆ ಎರಡೂ ತಾಲ್ಲೂಕುಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬೊಬ್ಬರು ತಮ್ಮ ಊರಿನ ಕಾನನ್ನೋ ಬನವನ್ನೋ ಹಿರಿಯರೊಡನೆ ಒಂದು ದಿನ ಸುತ್ತಿ ಪಟ್ಟಿ ಮಾಡಿದರೆ ಸಾಕು. ಶಾಸ್ತ್ರೀಯ ಹೆಸರುಗಳನ್ನು ಗುರುತಿಸಲು ತಿಳಿದವರ ನೆರವನ್ನು ಆಮೇಲೆ ಪಡೆಯಬಹುದು. ಆದರೆ ಹಿರಿಯರ ನೆನಪು ಕಾಯುವುದಿಲ್ಲ. ಅದೂ ಕಾನಿನ ಬೀಜದ ಹಾಗೆಯೇ.

ಎರಡನೆಯದು, ಬೀಜವನ್ನು ಹಸಿಯಾಗಿರುವಾಗಲೇ ನೆಡುವುದು. ಮಳೆ ಹಿಡಿಯುವ ಕಾಲದಲ್ಲಿ ಕಾನಿನ ನೆಲದಲ್ಲಿ ಬಿದ್ದ ಬೀಜಗಳಲ್ಲಿ ಎಲ್ಲವನ್ನೂ ಬಾಚದೆ ಕೆಲವನ್ನಷ್ಟೇ ತಂದು, ಒಂದೆರಡು ದಿನಗಳೊಳಗೆ ನೆರಳಿನಲ್ಲಿ ಊರಿ, ಸಸಿಗಳನ್ನು ಕಾನಿನ ಸವೆದ ಅಂಚಿನಲ್ಲಿಯೇ ನೆಡಬಹುದು. ಪೇಟೆಯಿಂದ ತಂದ ಯಾವುದೋ ಸಸಿಯನ್ನು ವನಮಹೋತ್ಸವದ ದಿನ ನೆಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದರಿಂದ ಹೆಚ್ಚು ಪ್ರಯೋಜನವಾದೀತು.

ನಮ್ಮ ಹೊಲದ ಮೇಲ್ಭಾಗದಲ್ಲಿ, ಕಾನಿಗೆ ತಾಗಿದಂತೆ, ಎರಡು ಗುಂಟೆಯಷ್ಟು ನೆಲವನ್ನು ಈ ವರ್ಷ ಶುಂಠಿಗೆ ಅಗೆಯದೆ ಬಿಡಲು ಅಪ್ಪ ಒಪ್ಪಿದ್ದಾರೆ. ಒಪ್ಪಿಸಲು ಎರಡು ತಿಂಗಳು ಬೇಕಾಯಿತು. ಎರಡು ಗುಂಟೆಯಿಂದ ಹಳ್ಳ ಮತ್ತೆ ಯುಗಾದಿಯವರೆಗೆ ಹರಿದೀತೆಂದು ನಾನು ನಂಬಿಲ್ಲ. ಅಲ್ಲಿ ಅಜ್ಜ ತಮ್ಮ 11 ರಾಮಪತ್ರೆ ಬೀಜಗಳನ್ನು ಊರಿದ್ದಾರೆ. ಈ ಲೇಖನವನ್ನು ಬರೆಯುವ ಹೊತ್ತಿಗೆ ನಾಲ್ಕು ಮೊಳೆತಿವೆ.